ಬೋರ್ಡು ಬದಲಾದ ಹೋಸ್ಟಿಂಗ್ ಕಂಪನಿ: ಉಳಿಯುವುದೋ, ಹೊರಡುವುದೋ?

ಕಾಪು ಬೀಚಿನ ಹತ್ತಿರ ನಾಲ್ಕು ಕೋಣೆಯ ಹೋಂಸ್ಟೇ ನಡೆಸುವ ಅಕ್ಕ ಒಬ್ಬರು ಕಳೆದ ತಿಂಗಳು ತಮ್ಮ ಹೋಸ್ಟಿಂಗ್ ಕಂಪನಿಯಿಂದ, ಅಂದರೆ ವೆಬ್‌ಸೈಟು ಇಡಲು ಜಾಗ ಬಾಡಿಗೆಗೆ ಕೊಡುವವರಿಂದ, ಬಂದ ಮೇಲ್ ಒಂದನ್ನು ಫಾರ್ವರ್ಡ್ ಮಾಡಿ ಕೆಳಗೆ ಒಂದೇ ಸಾಲು ಬರೆದಿದ್ದರು: "ಇದೆಂತ ಮಾರಾಯ್ರೆ, ನಾನು ದುಡ್ಡು ಕಟ್ಟಿದ್ದು ಬೇರೆ ಹೆಸರಿಗಲ್ವಾ?" ಮೇಲ್‌ನಲ್ಲಿ ಹೊಸ ಹೆಸರು, ಹೊಸ ಲೋಗೋ, ಬಣ್ಣಬಣ್ಣದ ಒಕ್ಕಣೆ. ಕೊನೆಯಲ್ಲಿ "ಗೆಳೆಯರನ್ನು ಸೇರಿಸಿ, ಕಮಿಷನ್ ಗಳಿಸಿ" ಎಂಬ ದಪ್ಪ ಬಟನ್. ಅವರ ಸೈಟಿಗೆ ಏನಾಗುತ್ತದೆ, ರಿನ್ಯೂವಲ್ ದರ ಅದೇ ಇರುತ್ತದಾ ಎಂಬ ಬಗ್ಗೆ ಒಂದಕ್ಷರ ಇಲ್ಲ.

ಅದೇ ವಾರ ಬೆಂಗಳೂರಿನಲ್ಲಿರುವ ಅವರ ತಂಗಿಯ ಮಗ ಇನ್ನೊಂದು ದೊಡ್ಡ ಕಂಪನಿಯ ಲಿಂಕ್ ಕಳಿಸಿದ, "ದೊಡ್ಡಮ್ಮ, ಇದರಲ್ಲೇ ತಗೊಳ್ಳಿ, ಮುಕ್ಕಾಲು ಪಾಲು ಡಿಸ್ಕೌಂಟ್ ಉಂಟು" ಅಂತ. ಮಂಗಳೂರಿನ ಹಂಪನಕಟ್ಟೆಯಲ್ಲಿ ಆಫೀಸ್ ಇಟ್ಟಿರುವ ಹುಡುಗನೊಬ್ಬ "ನಂಗೆ ಕೊಡಿ, ನಾನೇ ನೋಡಿಕೊಳ್ತೇನೆ" ಅಂದ. ಪರಿಚಯದ ಇಂಜಿನಿಯರಿಂಗ್ ವಿದ್ಯಾರ್ಥಿ "ದುಡ್ಡು ಯಾಕೆ, ಫ್ರೀಯಾಗಿ ಇಡಬಹುದು" ಅಂದ. ಅಕ್ಕ ತಲೆ ಮೇಲೆ ಕೈ ಹೊತ್ತು ಕೂತರು. ಉಡುಪಿಯಲ್ಲಿ ಕೂತು ಹನ್ನೆರಡು ವರ್ಷದಿಂದ ಸಣ್ಣಪುಟ್ಟ ಸೈಟು ಮಾಡಿಕೊಡುವ ನನಗೆ ಈ ಪ್ರಶ್ನೆ ಹೊಸತಲ್ಲ. ಹಾಗಾಗಿ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಹೆಸರು ಬದಲಾದ ಕೂಡಲೇ ಹೆದರಬೇಕಾಗಿಲ್ಲ. ನಮ್ಮ ಊರಿನವರಿಗೆ ಇದನ್ನು ಬೇರೆ ಯಾರೂ ಹೇಳಿಕೊಡಬೇಕಿಲ್ಲ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಅದೇ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ಮೂರರ ಬೋರ್ಡೂ 2019 ಮತ್ತು 2020ರಲ್ಲಿ ಇಳಿದದ್ದನ್ನು ಕಣ್ಣಾರೆ ನೋಡಿದವರು ನಾವು. ಕಟ್ಟಡ ಅದೇ, ಕೌಂಟರಿನಲ್ಲಿದ್ದವರು ಅವರೇ, ಠೇವಣಿಗೆ ಏನೂ ಆಗಲಿಲ್ಲ. ಆದರೆ 2021ರ ಜುಲೈ 1ರಿಂದ ಸಿಂಡಿಕೇಟ್‌ನ ಹಳೆಯ ಐಎಫ್‌ಎಸ್‌ಸಿ ಕೋಡ್ ನಡೆಯಲಿಲ್ಲ. ಕೋಡ್ ಬದಲಿಸಲು ಮರೆತವರ ದುಡ್ಡು ಬರಬೇಕಾದಲ್ಲಿಗೆ ಬರಲಿಲ್ಲ. ಹೋಸ್ಟಿಂಗ್‌ನಲ್ಲೂ ಅಷ್ಟೇ. ತೊಂದರೆ ಬರುವುದು ಹೆಸರಿನಿಂದಲ್ಲ, ಹೆಸರಿಗೆ ಕಟ್ಟಿಕೊಂಡಿರುವ ತಂತಿಗಳಿಂದ.

ನನಗೇ ಆದದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಕಂಪನಿ ಹೀಗೆಯೇ ಹೆಸರು ಬದಲಿಸಿತು. ಹಳೆಯ ಹೆಸರಿನ ನೇಮ್‌ಸರ್ವರ್‌ಗಳನ್ನು (ಸೈಟು ಎಲ್ಲಿದೆ ಎಂದು ಇಂಟರ್ನೆಟ್ಟಿಗೆ ದಾರಿ ತೋರಿಸುವ ಕಂಪ್ಯೂಟರುಗಳನ್ನು) ಇಂಥ ದಿನ ನಿಲ್ಲಿಸುತ್ತೇವೆ ಎಂಬ ಮೇಲ್ ಬಂದಿತ್ತು, ನನ್ನ ಸ್ಪ್ಯಾಮ್ ಫೋಲ್ಡರಿಗೆ. ಡಿಸೆಂಬರ್ ಕೊನೆಯ ವಾರ, ಮಲ್ಪೆಯಲ್ಲಿ ಕಾಲಿಡಲು ಜಾಗ ಇಲ್ಲದಷ್ಟು ಜನ. ನನ್ನ ಗಿರಾಕಿಯೊಬ್ಬರ ಸೈಟು ಮೂರು ದಿನ ಮಲಗಿತು. ಸೈಟಿಗಿಂತ ಕಷ್ಟವಾದದ್ದು ಮೇಲ್. ಅವರ ಬುಕಿಂಗ್ ಮೇಲ್ ಐಡಿಯೂ ಅದೇ ಡೊಮೈನಿನಲ್ಲಿತ್ತು (ಡೊಮೈನ್ ಎಂದರೆ ಸೈಟಿನ ವಿಳಾಸದ ಹೆಸರು), ಕಳಿಸಿದವರಿಗೆಲ್ಲ ಬೌನ್ಸ್. ಅವರು ಅಂಗಳದಲ್ಲಿ ನಿಂತು ಫೋನನ್ನು ನನ್ನ ಮುಖದ ಹತ್ತಿರ ಹಿಡಿದು "ಇದು ನಿಮ್ಮ ಕೆಲಸವೋ, ಅವರದ್ದೋ?" ಎಂದು ಕೇಳಿದ್ದು ಇನ್ನೂ ಕಿವಿಯಲ್ಲುಂಟು. ಉತ್ತರ: ಇಬ್ಬರದ್ದೂ.

ಮೊದಲು ಅಳತೆಗೋಲು

ಯಾವ ಕಂಪನಿ ಒಳ್ಳೆಯದು ಎಂದು ಕೇಳುವ ಮುಂಚೆ ಯಾವುದರಿಂದ ಅಳೆಯುವುದು ಎಂದು ಗೊತ್ತುಮಾಡಿಕೊಳ್ಳಿ. ನನ್ನ ಅಳತೆಗೋಲಿನಲ್ಲಿ ಮೊದಲನೆಯದು ವೇಗವೂ ಅಲ್ಲ, ದರವೂ ಅಲ್ಲ. ನಾಳೆ ಬೆಳಿಗ್ಗೆ ಇಲ್ಲಿಂದ ಎದ್ದು ಹೊರಡಬೇಕೆಂದರೆ ಹೊರಡಲು ಆಗುತ್ತದಾ? ಇದಕ್ಕೆ ಹೌದು ಎಂಬ ಉತ್ತರ ಇದ್ದರೆ ಕಂಪನಿ ಹೆಸರು ಹತ್ತು ಸಲ ಬದಲಿಸಲಿ, ನಿಮಗೇನು?

ಹೊರಡುವುದಕ್ಕೆ ಬೇಕಾದದ್ದು ಎರಡು: ಡೊಮೈನ್ ಮತ್ತು ಬ್ಯಾಕಪ್ (ಪೂರ್ತಿ ಸೈಟಿನ ನಕಲು). ಡೊಮೈನ್ ಎಂದರೆ ಜಾಗದ ಆರ್‌ಟಿಸಿ ಇದ್ದ ಹಾಗೆ, ಹೋಸ್ಟಿಂಗ್ ಎಂದರೆ ಅದರ ಮೇಲೆ ಹಾಕಿದ ಶೆಡ್ಡು. ಶೆಡ್ಡು ಕಿತ್ತು ಬೇರೆ ಕಡೆ ಹಾಕಬಹುದು. ಆರ್‌ಟಿಸಿ ಬೇರೆಯವರ ಹೆಸರಿನಲ್ಲಿದ್ದರೆ ಕಥೆ ಮುಗಿಯಿತು. ಡೊಮೈನ್ ನೋಂದಣಿಯಲ್ಲಿ ನಿಮ್ಮ ಹೆಸರು, ನಿಮ್ಮ ಮೇಲ್, ನಿಮ್ಮ ಫೋನ್ ನಂಬರ್ ಉಂಟಾ ನೋಡಿ. ಆ ಮೇಲ್ ಅದೇ ಡೊಮೈನಿನದ್ದಾಗಿರಬಾರದು. ಬಾಗಿಲ ಕೀಲಿಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಗುತ್ತದೆ. ಡೊಮೈನ್ ಸಾಗಿಸಲು ಬೇಕಾದ ಆಥ್ ಕೋಡನ್ನು ಡಾಟ್ ಕಾಮ್‌ನಂಥ ಡೊಮೈನುಗಳಿಗೆ ಕೇಳಿದ 5 ದಿನದೊಳಗೆ ಕೊಡಲೇಬೇಕೆಂದು, ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಅಂತರರಾಷ್ಟ್ರೀಯ ಸಂಸ್ಥೆಯಾದ ಐಕ್ಯಾನ್‌ನ ನಿಯಮ ಉಂಟು. ಹೊಸದಾಗಿ ಕೊಂಡ ಅಥವಾ ಈಗಷ್ಟೇ ಸಾಗಿಸಿದ ಡೊಮೈನ್ ಸಾಮಾನ್ಯವಾಗಿ 60 ದಿನ ಅಲ್ಲಾಡುವುದಿಲ್ಲ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ನಿಯಮ ಇದ್ದರೆ ಸಾಕಾ ಎಂದು ಕೇಳಿದರೆ, ಸಾಲದು. ನೆಟ್ 4 ಇಂಡಿಯಾ ಎಂಬ ಕಂಪನಿಯಲ್ಲಿ ಡೊಮೈನ್ ಇಟ್ಟಿದ್ದ ಸಾವಿರಾರು ಜನ ಅದು ದಿವಾಳಿ ಪ್ರಕ್ರಿಯೆಗೆ ಸಿಕ್ಕಿದಾಗ ರಿನ್ಯೂ ಮಾಡಲೂ ಆಗದೆ, ಸಾಗಿಸಲೂ ಆಗದೆ ಒದ್ದಾಡಿದರು. 2021ರಲ್ಲಿ ಐಕ್ಯಾನ್ ಆ ಕಂಪನಿಯ ಮಾನ್ಯತೆಯನ್ನೇ ರದ್ದು ಮಾಡಿ ಡೊಮೈನುಗಳನ್ನು ಬೇರೆ ರಿಜಿಸ್ಟ್ರಾರಿಗೆ (ಡೊಮೈನ್ ನೋಂದಾಯಿಸಿ ಕೊಡುವ ಕಂಪನಿಗೆ) ಒಪ್ಪಿಸಬೇಕಾಯಿತು. ಆದ್ದರಿಂದ ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ ಇಡಿ. "ಒಂದು ವರ್ಷ ಡೊಮೈನ್ ಫ್ರೀ" ಎಂಬ ಆಸೆಗೆ ಎರಡನ್ನೂ ಒಬ್ಬನ ಕೈಗೆ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಬ್ಯಾಕಪ್ ವಿಷಯ ಚಿಕ್ಕದು. ಅದು ನಿಮ್ಮ ಮನೆಯ ಕಂಪ್ಯೂಟರಿಗೆ ಇಳಿದಿರಬೇಕು, ಅಷ್ಟೇ. ಕಂಪನಿ "ದಿನಾ ಬ್ಯಾಕಪ್" ಎಂದು ಬರೆದರೆ ಆ ಬ್ಯಾಕಪ್ ಎಲ್ಲಿರುತ್ತದೆ ಎಂದು ಕೇಳಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಜಾಗದಲ್ಲಿಟ್ಟಿದ್ದ ಎಷ್ಟೋ ಜನ ಎರಡನ್ನೂ ಕಳೆದುಕೊಂಡರು.

ಅಳತೆಗೋಲಿನಲ್ಲಿ ಎರಡನೆಯದು ರಿನ್ಯೂವಲ್ ದರ. ಮೂರನೆಯದು ಸಪೋರ್ಟ್: ಆದಿತ್ಯವಾರ ರಾತ್ರಿ ಒಂಬತ್ತಕ್ಕೆ ಸೈಟು ಬಿದ್ದರೆ ಮನುಷ್ಯ ಸಿಗುತ್ತಾನಾ? ಇದನ್ನು ದುಡ್ಡು ಕಟ್ಟುವ ಮುಂಚೆಯೇ ಪರೀಕ್ಷಿಸಬಹುದು. ಆದಿತ್ಯವಾರ ರಾತ್ರಿ ಒಂಬತ್ತಕ್ಕೇ ಚಾಟ್ ತೆರೆದು "ನನ್ನ ಮೇಲ್ ಜಿಮೇಲ್‌ನಲ್ಲಿ ಸ್ಪ್ಯಾಮಿಗೆ ಹೋಗ್ತದೆ, ಎಸ್‌ಪಿಎಫ್ ದಾಖಲೆ ಎಲ್ಲಿ ಹಾಕುವುದು?" ಎಂದು ಕೇಳಿ. (ನಿಮ್ಮ ಡೊಮೈನಿನ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅನುಮತಿ ಉಂಟು ಎಂದು ಬರೆದಿಡುವ ಸಾಲೇ ಎಸ್‌ಪಿಎಫ್.) ಉತ್ತರ ಬಂದ ರೀತಿಯಲ್ಲೇ ಗೊತ್ತಾಗುತ್ತದೆ. ಪ್ಲಾನ್ ಮಾರುವ ಮಾತು ಶುರುವಾದರೆ ಕಿಟಕಿ ಮುಚ್ಚಿ.

ವೇಗಕ್ಕೆ ನಾನು ತಲೆ ಕೆಡಿಸಿಕೊಳ್ಳುವುದು ಕಡಿಮೆ. ನೋಡುವವರು ಕರಾವಳಿ ಮತ್ತು ಬೆಂಗಳೂರಿನವರಾದರೆ ಸರ್ವರ್ ಮುಂಬೈ, ಬೆಂಗಳೂರು ಅಥವಾ ಚೆನ್ನೈಯಲ್ಲಿರಲಿ. ದುಬೈ, ಮಸ್ಕತ್‌ನ ನಮ್ಮವರಿಗೂ ಮುಂಬೈ ಹತ್ತಿರವೇ. ಅಮೆರಿಕದಲ್ಲಿಟ್ಟು ಇಲ್ಲಿ ನಿಧಾನ ಎಂದು ಬೈಯಬಾರದು. ಇನ್ನು "99.9% ಅಪ್‌ಟೈಮ್ ಗ್ಯಾರಂಟಿ" ಎಂದರೆ ತಿಂಗಳಿಗೆ 43 ನಿಮಿಷ ಬಿದ್ದರೂ ಮಾತು ತಪ್ಪಿದಂತಲ್ಲ ಎಂದರ್ಥ. ನಮ್ಮ ಮಳೆಗಾಲದ ಕರೆಂಟಿಗೆ ಹೋಲಿಸಿದರೆ ಅದು ರಾಜಭೋಗ.

ಹೆಸರು ಬದಲಿಸಿದ ಕಂಪನಿ: ಒಳಗೆ ಯಾರು?

ಹೆಸರು ಬದಲಾಗುವುದರಲ್ಲಿ ಮೂರು ಬಗೆ ನೋಡಿದ್ದೇನೆ. ಒಂದು, ಬೆಳೆದ ಕಂಪನಿ ಅಂಗಿ ಬದಲಿಸುವುದು. ಲಿಥುವೇನಿಯಾದ ಹೋಸ್ಟಿಂಗರ್ 2004ರಲ್ಲಿ ಶುರುವಾದಾಗ ಅದರ ಹೆಸರು ಹೋಸ್ಟಿಂಗ್ ಮೀಡಿಯಾ, 2011ರಲ್ಲಿ ಈಗಿನ ಹೆಸರು ಬಂತು. ಎರಡು, ಒಬ್ಬರನ್ನು ಇನ್ನೊಬ್ಬರು ಕೊಳ್ಳುವುದು ಅಥವಾ ಇಬ್ಬರು ಸೇರುವುದು. ಅಮೆರಿಕದ ಎ2 ಹೋಸ್ಟಿಂಗ್ 2025ರಲ್ಲಿ ಮಾರಾಟವಾಗಿ ಹೋಸ್ಟಿಂಗ್ ಡಾಟ್ ಕಾಮ್ ಆಯಿತು. ಎಂಡ್ಯೂರೆನ್ಸ್ ಎಂಬ ಕಂಪನಿ ವೆಬ್ ಡಾಟ್ ಕಾಮ್ ಜೊತೆ ಸೇರಿ 2021ರಲ್ಲಿ ನ್ಯೂಫೋಲ್ಡ್ ಡಿಜಿಟಲ್ ಆಯಿತು. ಬ್ಲೂಹೋಸ್ಟ್, ಹೋಸ್ಟ್‌ಗೇಟರ್, ನಮ್ಮವರು ಬಹಳ ಬಳಸುವ ಬಿಗ್‌ರಾಕ್ ಎಲ್ಲ ಅದೇ ಮನೆಯ ಮಕ್ಕಳು. "ಬ್ಲೂಹೋಸ್ಟ್ ಬಿಟ್ಟು ಹೋಸ್ಟ್‌ಗೇಟರ್‌ಗೆ ಬಂದೆ" ಎಂದು ಯಾರಾದರೂ ಹೆಮ್ಮೆಯಿಂದ ಹೇಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ಬಸ್ಸಿನಲ್ಲಿ ಸೀಟು ಬದಲಿಸಿದ್ದು ಅಷ್ಟೇ, ಬಸ್ಸು ಅದೇ.

ಮೂರನೆಯ ಬಗೆ ಹಳೆಯ ಹೆಸರು ಕೆಟ್ಟದ್ದಕ್ಕೆ ಹೊಸ ಹೆಸರು ಹೊತ್ತು ಬರುವವರದ್ದು. ಇವರನ್ನು ಹಿಡಿಯುವುದು ಹೇಗೆ?

ಬಿಲ್ಲು ತೆಗೆಯಿರಿ. ಕಂಪನಿ ಭಾರತದ್ದಾದರೆ ಜಿಎಸ್‌ಟಿಐಎನ್, ಅಂದರೆ ಜಿಎಸ್‌ಟಿ ನೋಂದಣಿ ಸಂಖ್ಯೆ ಇರುತ್ತದೆ, 15 ಅಕ್ಷರದ್ದು. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್. ಹಳೆಯ ಹೆಸರಿನ ಬಿಲ್ಲು ಮತ್ತು ಹೊಸ ಹೆಸರಿನ ಬಿಲ್ಲು ಅಕ್ಕಪಕ್ಕ ಇಟ್ಟು ಈ ಹತ್ತು ಅಕ್ಷರ ನೋಡಿ. ಎರಡೂ ಒಂದೇ ಆದರೆ ಬೋರ್ಡಿಗೆ ಬಣ್ಣ ಬಳಿದದ್ದು ಮಾತ್ರ. ಬೇರೆ ಆಗಿದ್ದರೆ ನಿಮ್ಮ ಒಪ್ಪಂದ ಈಗ ಬೇರೆಯವರ ಜೊತೆ, ಹಾಗಾಗಿ ಷರತ್ತುಗಳನ್ನು ಹೊಸದಾಗಿ ಓದಬೇಕು. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಕಾನೂನಿನ ಹೆಸರು, ವ್ಯಾಪಾರದ ಹೆಸರು, ನೋಂದಣಿಯ ದಿನ ಎಲ್ಲ ಬರುತ್ತದೆ. ಲಾಗಿನ್ ಕೂಡ ಬೇಡ. ಕಾಪುವಿನ ಅಕ್ಕನ ಬಿಲ್ಲುಗಳನ್ನು ಹೀಗೆ ಅಡುಗೆಮನೆಯ ಮೇಜಿನ ಮೇಲೆ ಇಟ್ಟು ನೋಡಿದೆವು. ಬಿಸ್ಕೂಟ್ ಅಂಬಡೆ ತಿಂದು ಮುಗಿಯುವ ಮುಂಚೆ ಉತ್ತರ ಸಿಕ್ಕಿತು: ಪ್ಯಾನ್ ಬೇರೆ.

ಇನ್ನೊಂದು ಅಂಶ ಹೆಚ್ಚಿನವರಿಗೆ ಗೊತ್ತಿಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಯೊಂದು ತನ್ನ ಕಾನೂನುಬದ್ಧ ಹೆಸರನ್ನು ಬದಲಿಸಿದರೆ ಎರಡು ವರ್ಷದವರೆಗೆ ಹೊಸ ಹೆಸರಿನ ಜೊತೆ ಹಳೆಯ ಹೆಸರನ್ನೂ ಬೋರ್ಡು, ಬಿಲ್ಲುಗಳ ಮೇಲೆ ಹಾಕಬೇಕು. ಬರೀ ಬ್ರ್ಯಾಂಡ್ ಹೆಸರು ಬದಲಿಸಿದವರಿಗೆ ಇದು ತಾಗುವುದಿಲ್ಲ. ಆದರೂ ಹಳೆಯ ಹೆಸರನ್ನು ತಮ್ಮ ಸೈಟಿನಲ್ಲಿ ಎಲ್ಲೂ ಹೇಳದವರ ಮೇಲೆ ನನಗೆ ಅನುಮಾನ. ಒಳ್ಳೆಯ ಹೆಸರಿದ್ದವರು "ಮೊದಲು ಇಂಥವರು" ಎಂದು ತಾವೇ ಹೇಳಿಕೊಳ್ಳುತ್ತಾರೆ.

ಹೆಸರು ಬದಲಿಸಿದ ಕಂಪನಿಯಲ್ಲೇ ಉಳಿಯುವುದಾದರೆ ಕೆಲವು ತಂತಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿ. ನೇಮ್‌ಸರ್ವರ್ ಹಳೆಯ ಹೆಸರಿನದ್ದಾ? ಮೇಲ್ ಸೆಟ್ಟಿಂಗ್‌ನಲ್ಲಿ ಫೋನಿಗೆ ಕೊಟ್ಟ ಸರ್ವರ್ ವಿಳಾಸ ಹಳೆಯದ್ದಾ? ಎಸ್‌ಪಿಎಫ್ ದಾಖಲೆಯಲ್ಲಿ ಹಳೆಯ ಹೆಸರು ಉಂಟಾ? ಕಾರ್ಡಿನ ಆಟೋ ರಿನ್ಯೂವಲ್ ಯಾರ ಹೆಸರಿನಲ್ಲಿ ಉಂಟು? 2021ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕ್ ನಿಯಮ ಬಂದ ಮೇಲೆ ಕಾರ್ಡಿನಿಂದ ಸುಮ್ಮನೆ ದುಡ್ಡು ಎಳೆಯುವಂತಿಲ್ಲ, ಮ್ಯಾಂಡೇಟ್ (ನೀವು ಮೊದಲೇ ಕೊಡುವ ಒಪ್ಪಿಗೆ) ಬೇಕು, ಈಗ ₹15,000 ದಾಟಿದರೆ ಪ್ರತಿ ಸಲ ಓಟಿಪಿ. ಹಳೆಯ ಹೆಸರಿಗೆ ಕೊಟ್ಟ ಮ್ಯಾಂಡೇಟ್ ಹೊಸ ಹೆಸರಿಗೆ ನಡೆಯದೆ ಹೋಗಬಹುದು. ಆಗ ರಿನ್ಯೂವಲ್ ಆಯಿತೆಂದು ನೀವು, ದುಡ್ಡು ಬರಲಿಲ್ಲವೆಂದು ಅವರು. ಇದಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಗುರುತು ಹಾಕುವುದೇ ಮದ್ದು.

ಆ ಕಮಿಷನ್ ಬಟನ್

ಅಫಿಲಿಯೇಟ್ ಯೋಜನೆ ಇರುವುದು ತಪ್ಪಲ್ಲ, ಹೆಚ್ಚುಕಡಿಮೆ ಎಲ್ಲ ಹೋಸ್ಟಿಂಗ್ ಕಂಪನಿಗಳಲ್ಲೂ ಉಂಟು. ನಿಮ್ಮ ಲಿಂಕಿನಿಂದ ಬಂದವನ ಬ್ರೌಸರಿನಲ್ಲಿ ಒಂದು ಕುಕಿ, ಅಂದರೆ ಗುರುತಿನ ಚೀಟಿ, ಕೂರುತ್ತದೆ, ಅವನು ಆ ಅವಧಿಯೊಳಗೆ ಕೊಂಡರೆ ನಿಮಗೆ ಪಾಲು. ಸಾಮಾನ್ಯವಾಗಿ ಪಾಲು ಸಿಗುವುದು ಮೊದಲ ಮಾರಾಟಕ್ಕೆ. ಮೂರು ವರ್ಷ ಆದ ಮೇಲೆ ರಿನ್ಯೂವಲ್ ಬಿಲ್ಲು ನೋಡಿ ಗಿರಾಕಿ ಬೆವರಿದರೆ ಅದನ್ನು ಬರೆಯುವವನಿಗೆ ಯಾರೂ ಏನೂ ಕೊಡುವುದಿಲ್ಲ. ಹಾಗಾಗಿ ನೀವು ಓದುವ ಹೊಗಳಿಕೆಯೆಲ್ಲ ಮೊದಲ ತಿಂಗಳಿನದ್ದು. ತಂಗಿಯ ಮಗನ ಲಿಂಕಿನ ಕೊನೆಯಲ್ಲೂ "ರೆಫ್" ಎಂದು ಏನೋ ಬಾಲ ಇತ್ತು. ಅಕ್ಕನಿಗೆ ತೋರಿಸಿದೆ. "ಇರಲಿ ಬಿಡಿ, ಪಾಪ, ಕಾಲೇಜಿನ ಹುಡುಗ" ಎಂದರು.

ನಾನೂ ಒಂದು ಕಾಲದಲ್ಲಿ ಇಂಥ ಲಿಂಕ್ ಹಂಚಿ ನಾಲ್ಕು ಕಾಸು ಮಾಡಿದವನೇ. ಗಿರಾಕಿಗಳಿಗೆ ಕೊಡುವುದನ್ನು ಬಿಟ್ಟೆ, ಯಾಕೆಂದರೆ ಸೈಟು ಬಿದ್ದ ದಿನ ಅವರ ಮುಖ ನೋಡಬೇಕಾದವನು ನಾನು.

ಹೊಸ ಹೆಸರಿನ ಕಂಪನಿಯ ಅಫಿಲಿಯೇಟ್ ಆಗಲು ಹೊರಟವರು ನಾಲ್ಕು ಪ್ರಶ್ನೆ ಕೇಳಿ: ಹಳೆಯ ಹೆಸರಿನ ಕಾಲದ ಲಿಂಕುಗಳು ಈಗಲೂ ಲೆಕ್ಕಕ್ಕೆ ಬರುತ್ತವಾ, ಬಾಕಿ ಕಮಿಷನ್ ಸಂದಿದೆಯಾ, ಕನಿಷ್ಠ ಎಷ್ಟು ಸೇರಿದ ಮೇಲೆ ಹಣ ಕೊಡುತ್ತಾರೆ, ಗಿರಾಕಿ ರಿಫಂಡ್ ತಗೊಂಡರೆ ವಾಪಸ್ ಕಿತ್ತುಕೊಳ್ಳುತ್ತಾರಾ. ಹಳೆಯವರ ಬಾಕಿ ನುಂಗಿ ಹೊಸ ಅಫಿಲಿಯೇಟ್‌ಗಳನ್ನು ಕರೆಯುವವರು ಗಿರಾಕಿಗೂ ಅದನ್ನೇ ಮಾಡುತ್ತಾರೆ ಎಂದು ನನ್ನ ಲೆಕ್ಕ. ಲಿಂಕ್ ಹಾಕುವಾಗ ಕಮಿಷನ್ ಸಿಗುತ್ತದೆ ಎಂದು ಅಲ್ಲೇ ಹೇಳಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಪ್ರಕಾರ ಅಂಥ ನಂಟನ್ನು ಮುಚ್ಚಿಡುವಂತಿಲ್ಲ.

ಈಗ ದರದ ಲೆಕ್ಕ. ಒಂದು ಉದಾಹರಣೆ ಹಾಕುತ್ತೇನೆ. ಕಂಪನಿ "ತಿಂಗಳಿಗೆ ಬರೀ ₹150" ಎನ್ನುತ್ತದೆ, ಆದರೆ ಮೂರು ವರ್ಷದ್ದು ಒಟ್ಟಿಗೆ ಕಟ್ಟಬೇಕು. ₹5,400, ಅದರ ಮೇಲೆ 18% ಜಿಎಸ್‌ಟಿ, ಒಟ್ಟು ₹6,372. ರಿನ್ಯೂವಲ್ ತಿಂಗಳಿಗೆ ₹450 ಎಂದು ಕೆಳಗೆ ಇರುವೆಯಂಥ ಅಕ್ಷರದಲ್ಲಿರುತ್ತದೆ. ನಾಲ್ಕನೆಯ ಒಂದೇ ವರ್ಷಕ್ಕೆ ಜಿಎಸ್‌ಟಿ ಸೇರಿ ಮತ್ತೆ ₹6,372. ಆರು ವರ್ಷಕ್ಕೆ ₹25,488 ಆಯಿತು. ಮೊದಲ ದಿನದಿಂದಲೂ ತಿಂಗಳಿಗೆ ₹300 ಎಂದು ನೇರವಾಗಿ ಹೇಳುವವನಿಗೂ ಆರು ವರ್ಷಕ್ಕೆ ಸರಿಯಾಗಿ ಅಷ್ಟೇ ಆಗುತ್ತದೆ. ವ್ಯತ್ಯಾಸ ಇಷ್ಟೇ: ಮೊದಲನೆಯವನ ಹತ್ತಿರ ನಿಮ್ಮ ಮೂರು ವರ್ಷದ ದುಡ್ಡು ಮುಂಗಡ ಕೂತಿರುತ್ತದೆ. ಈಗಷ್ಟೇ ಹೆಸರು ಬದಲಿಸಿದ ಕಂಪನಿಗೆ ಮೂರು ವರ್ಷದ ಮುಂಗಡ ಕಟ್ಟಬೇಡಿ ಎನ್ನುವುದು ನನ್ನ ಖಂಡಿತ ಮಾತು. ತಿಂಗಳ ಲೆಕ್ಕದಲ್ಲಿ, ಹೆಚ್ಚೆಂದರೆ ಒಂದು ವರ್ಷಕ್ಕೆ ಕಟ್ಟಿ.

ಪಾವತಿಯ ಪುಟದಲ್ಲಿ ನೀವು ಕೇಳದ ಬ್ಯಾಕಪ್, ಸೆಕ್ಯೂರಿಟಿ ಎಂದು ಮೊದಲೇ ಟಿಕ್ ಹಾಕಿಟ್ಟಿದ್ದರೆ, "ಇನ್ನು 9 ನಿಮಿಷ ಮಾತ್ರ" ಎಂಬ ಗಡಿಯಾರ ಪುಟ ತೆರೆದಾಗಲೆಲ್ಲ ಮತ್ತೆ ಮೊದಲಿನಿಂದ ಓಡುತ್ತಿದ್ದರೆ, ಅವೆರಡೂ 2023ರ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಮರುಳು ಮಾಡುವ ವಿನ್ಯಾಸ) ಮಾರ್ಗಸೂಚಿಯಲ್ಲಿ ಹೆಸರಿಸಿ ನಿಷೇಧಿಸಿದ 13 ಚಾಲಾಕಿಗಳಲ್ಲಿ ಸೇರಿವೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಉಳಿದ ದಾರಿಗಳು

ದೊಡ್ಡ ಕಂಪನಿಯ ಶೇರ್ಡ್ ಹೋಸ್ಟಿಂಗ್‌ನಲ್ಲಿ (ಒಂದೇ ಸರ್ವರನ್ನು ಹಲವು ಸೈಟುಗಳು ಹಂಚಿಕೊಳ್ಳುವುದು) ನೆಮ್ಮದಿ ಉಂಟು. ಬ್ರೌಸರಿನಲ್ಲಿ ಬೀಗದ ಗುರುತು ತರುವ ಎಸ್‌ಎಸ್‌ಎಲ್ ತಾನಾಗಿ ಬರುತ್ತದೆ, ಸೈಟು ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್ ಒಂದು ಕ್ಲಿಕ್ಕಿಗೆ ಕೂರುತ್ತದೆ. "ಅನ್‌ಲಿಮಿಟೆಡ್" ಎಂಬ ಮಾತನ್ನು ಮಾತ್ರ ನಂಬಬೇಡಿ. ಮಂಗಳೂರಿನಲ್ಲಿ ಸಣ್ಣ ಸುದ್ದಿ ಸೈಟು ನಡೆಸುವ ಗೆಳೆಯನೊಬ್ಬನಿಗೆ ಜುಲೈ ತಿಂಗಳೆಂದರೆ ಭಯ. ರಾತ್ರಿ ಜೋರು ಮಳೆ, "ನಾಳೆ ಶಾಲೆಗೆ ರಜೆ ಉಂಟಾ?" ಎಂದು ಜಿಲ್ಲೆಗೆ ಜಿಲ್ಲೆಯೇ ಅವನ ಸೈಟು ತೆರೆಯುತ್ತದೆ. ಜಿಲ್ಲಾಧಿಕಾರಿಯ ಆದೇಶ ಹಾಕಿದ ಐದೇ ನಿಮಿಷಕ್ಕೆ ಪರದೆಯ ಮೇಲೆ "508" ಎಂಬ ಎರರ್. ಜಾಗ ಅನ್‌ಲಿಮಿಟೆಡ್ ಇರಬಹುದು, ಸಿಪಿಯು ಮತ್ತು ಒಮ್ಮೆಗೆ ಒಳಗೆ ಬಿಡುವ ಜನಕ್ಕೆ ಮಿತಿ ಉಂಟು ಎಂಬುದನ್ನು ಆ ಮೂರು ಅಂಕಿ ಹೇಳುತ್ತದೆ. ಮನೆಮಟ್ಟದ ಹೋಂಸ್ಟೇ, ಅಂಗಡಿ, ಕ್ಲಿನಿಕ್‌ಗೆ ಇದು ಎಂದೂ ಅಡ್ಡ ಬರುವುದಿಲ್ಲ.

ಊರಿನ ರೀಸೆಲ್ಲರ್, ಅಂದರೆ ಹಂಪನಕಟ್ಟೆಯ ಹುಡುಗ. ಅವನು ದೊಡ್ಡವರಿಂದ ಸಗಟಿನಲ್ಲಿ ಕೊಂಡು ಚಿಲ್ಲರೆಗೆ ಮಾರುತ್ತಾನೆ. ತುಳುವಿನಲ್ಲಿ ಮಾತಾಡಬಹುದು, ಬೈಯಬಹುದು, ಮನೆಗೇ ಬರುತ್ತಾನೆ. ಹೋಸ್ಟಿಂಗ್ ಖಾತೆಗಳನ್ನು ನಿಭಾಯಿಸುವ ತಂತ್ರಾಂಶ ಸಿ-ಪ್ಯಾನೆಲ್ 2019ರಲ್ಲಿ ಖಾತೆಯ ಲೆಕ್ಕದಲ್ಲಿ ದರ ಏರಿಸಿದ ಮೇಲೆ ಇಂಥ ಸಣ್ಣವರ ಲಾಭ ತೆಳುವಾಯಿತು, ಕೆಲವರು ಬೇರೆ ಪ್ಯಾನೆಲ್‌ಗೆ ಹೋದರು. ಕಷ್ಟ ಎಲ್ಲಿ ಎಂದರೆ, ಅವನಿಗೆ ದುಬೈಯಲ್ಲಿ ಕೆಲಸ ಸಿಕ್ಕಿ ಹೊರಟರೆ ನಿಮ್ಮ ಸೈಟು ಯಾರ ಕೈಯಲ್ಲಿ? ಇದು ಊಹೆಯ ಮಾತಲ್ಲ, ನಮ್ಮೂರಲ್ಲಿ ವರ್ಷಕ್ಕೊಬ್ಬ ಹಾಗೆ ವಿಮಾನ ಹತ್ತುತ್ತಾನೆ. ಡೊಮೈನ್ ನಿಮ್ಮ ಹೆಸರಲ್ಲಿದ್ದರೆ, ತಿಂಗಳಿಗೊಮ್ಮೆ ಬ್ಯಾಕಪ್ ನಿಮಗೆ ಸಿಗುವುದಾದರೆ, ಅವನಿಗೆ ಕೊಡಲು ನನ್ನ ಅಡ್ಡಿ ಇಲ್ಲ. ದೊಡ್ಡ ಕಂಪನಿಗಿಂತ ಸ್ವಲ್ಪ ಜಾಸ್ತಿ ಕೇಳಿದರೂ ಕೊಡಿ.

ವಿಪಿಎಸ್ ಅಥವಾ ಕ್ಲೌಡ್ ಸರ್ವರ್, ಅಂದರೆ ನಿಮ್ಮದೇ ಪಾಲಿನ ಸರ್ವರನ್ನು ಬಾಡಿಗೆಗೆ ಹಿಡಿಯುವುದು, ಆ ಸುದ್ದಿ ಸೈಟಿನ ಗೆಳೆಯನಂಥವರಿಗೆ. ಡಿಜಿಟಲ್ ಓಷನ್‌ಗೆ ಬೆಂಗಳೂರಿನಲ್ಲಿ, ಅಮೆಜಾನ್‌ಗೆ ಮುಂಬೈಯಲ್ಲಿ ಡೇಟಾ ಸೆಂಟರ್ ಉಂಟು. ಲಿನೋಡ್‌ಗೂ ಮುಂಬೈಯಲ್ಲಿ ಉಂಟು, 2022ರಲ್ಲಿ ಅಕಾಮೈ ಅದನ್ನು ಕೊಂಡಿತು. ಹೆಸರು ಬದಲಾಗುವ ಗಾಳಿ ಇಲ್ಲೂ ಬೀಸಿದೆ. ದರ ನೇರ, ಬೇಡವಾದ ದಿನ ನಿಲ್ಲಿಸಬಹುದು. ಆದರೆ ಅಪ್‌ಡೇಟ್, ಫೈರ್‌ವಾಲ್, ಬ್ಯಾಕಪ್ ಎಲ್ಲ ನಿಮ್ಮ ತಲೆ ಮೇಲೆ. ನೋಡಿಕೊಳ್ಳುವವನಿಗೆ ತಿಂಗಳಿಗೆ ಕೊಡುವ ಸಂಬಳ ಸೇರಿಸಿ ಲೆಕ್ಕ ಹಾಕಿ. ಡಾಲರ್ ಬಿಲ್ಲಾದರೆ ಕಾರ್ಡಿನವರು ವಿನಿಮಯಕ್ಕೆಂದು ಕತ್ತರಿಸುವುದನ್ನೂ.

ಫ್ರೀ ಎನ್ನುವುದು ಇದ್ದದ್ದರಲ್ಲೇ ನನಗೆ ಪ್ರೀತಿಯ ದಾರಿ, ಆದರೆ ಎಲ್ಲರಿಗಲ್ಲ. ಯಕ್ಷಗಾನ ಮೇಳದ ತಿರುಗಾಟದ ಪಟ್ಟಿ, ದೇವಸ್ಥಾನದ ಸೇವೆಗಳ ವಿವರ, ಹಳೆವಿದ್ಯಾರ್ಥಿ ಸಂಘದ ನಾಲ್ಕು ಪುಟ, ಇಂಥ ಅಲ್ಲಾಡದ ಪುಟಗಳಿಗೆ ಕ್ಲೌಡ್‌ಫ್ಲೇರ್ ಪೇಜಸ್‌ನ ಉಚಿತ ಪ್ಲಾನು ಧಾರಾಳ, 20,000 ಫೈಲಿನವರೆಗೆ ಇಡಬಹುದು. ಗಿಟ್‌ಹಬ್ ಪೇಜಸ್ ಕೂಡ ಉಂಟು, ಅಲ್ಲಿ ವ್ಯಾಪಾರದ ಸೈಟು ನಡೆಸುವಂತಿಲ್ಲ ಎಂದು ಅವರ ಷರತ್ತೇ ಹೇಳುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿ ಕಳೆಯುವವರೆಗೆ ಯಾರೂ ಮುಟ್ಟದ ಪುಟಕ್ಕೆ ತಿಂಗಳಿಗೆ ಬಾಡಿಗೆ ಯಾಕೆ ಕಟ್ಟಬೇಕು? ಬುಕಿಂಗ್ ಫಾರ್ಮು, ಪಾವತಿ, ಸ್ವಂತ ಡೊಮೈನಿನ ಮೇಲ್ ಎಂದು ಬಂದ ಕೂಡಲೇ ಫ್ರೀ ದಾರಿಯಲ್ಲಿ ಕಲ್ಲುಮುಳ್ಳು ಶುರು. ಫ್ರೀ ಕೊಡುವವರು ಎಷ್ಟೇ ದೊಡ್ಡವರಾದರೂ ಒಂದು ದಿನ ಅಂಗಡಿ ಮುಚ್ಚಬಹುದು: ಗೂಗಲ್ ಬಿಸಿನೆಸ್ ಪ್ರೊಫೈಲ್‌ನ ಜೊತೆ ಕೊಡುತ್ತಿದ್ದ ಪುಟ್ಟ ಸೈಟುಗಳನ್ನು 2024ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಲಾಡ್ಜು, ಹೋಟೆಲಿನವರು ಎಷ್ಟೋ ಮಂದಿ ವಿಸಿಟಿಂಗ್ ಕಾರ್ಡಿನಲ್ಲಿ ಆ ವಿಳಾಸ ಅಚ್ಚು ಹಾಕಿಸಿದ್ದರು.

ಯಾರಿಗೆ ಯಾವುದು

ವರ್ಷಕ್ಕೆ ಎರಡು ಸಾವಿರದೊಳಗೆ ಮುಗಿಸಬೇಕೆನ್ನುವ ಸಂಘ, ಮೇಳ, ಭಜನಾ ಮಂಡಳಿಗಳು ಡೊಮೈನಿಗೆ ಮಾತ್ರ ದುಡ್ಡು ಕೊಟ್ಟು ಪುಟವನ್ನು ಫ್ರೀಯಾಗಿ ಇಡಲಿ. ಡೊಮೈನ್ ಮಾತ್ರ ಕಾರ್ಯದರ್ಶಿಯ ಸ್ವಂತ ಮೇಲಿಗೆ ಬೇಡ. ಸಂಘಕ್ಕೇ ಒಂದು ಮೇಲ್ ಮಾಡಿ. ಕಾರ್ಯದರ್ಶಿ ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಜಗಳ ಆಡಿ ಬದಲಾದರೆ ಪಾಸ್‌ವರ್ಡ್ ಕೂಡ ಜೊತೆಗೇ ಹೋಗುತ್ತದೆ.

ಹೋಂಸ್ಟೇ, ಕ್ಲಿನಿಕ್, ಸೀರೆ ಅಂಗಡಿಯವರಿಗೆ ದೊಡ್ಡ ಕಂಪನಿಯ ಚಿಕ್ಕ ಪ್ಲಾನು ಅಥವಾ ನಂಬಿಕೆಯ ರೀಸೆಲ್ಲರ್ ಎರಡೂ ನಡೆಯುತ್ತದೆ. ಕಂಪ್ಯೂಟರ್ ಕಂಡರೆ ದೂರ ಓಡುವವರು ರೀಸೆಲ್ಲರ್ ಹಿಡಿಯಿರಿ, ಚಾಟ್‌ನಲ್ಲಿ ಇಂಗ್ಲಿಷ್‌ನಲ್ಲಿ ಸಂಭಾಳಿಸಬಲ್ಲೆ ಎನ್ನುವವರು ದೊಡ್ಡ ಕಂಪನಿ. ಜಿಎಸ್‌ಟಿ ನೋಂದಣಿ ಇದ್ದರೆ ನಿಮ್ಮ ನಂಬರನ್ನು ಬಿಲ್ಲಿನಲ್ಲಿ ಹಾಕಿಸಿ, ಆ 18% ಇನ್‌ಪುಟ್ ಕ್ರೆಡಿಟ್‌ನಲ್ಲಿ (ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದು) ಬರಬಹುದು, ಎಲ್ಲ ವ್ಯಾಪಾರಕ್ಕೂ ಸಿಗುವುದಿಲ್ಲ, ನಿಮ್ಮ ಲೆಕ್ಕಪತ್ರದವರನ್ನು ಕೇಳಿ. ಗೋಡಂಬಿ, ಮಸಾಲೆ ಆನ್‌ಲೈನ್ ಮಾರುವವರು ಮತ್ತು ಸುದ್ದಿ ಸೈಟಿನವರು ಕ್ಲೌಡ್‌ಗೆ ಹೋಗಿ, ಆದರೆ ನೋಡಿಕೊಳ್ಳುವ ಜನವನ್ನು ಮೊದಲು ಹುಡುಕಿ.

ಹೆಸರು ಬದಲಿಸಿದ ಕಂಪನಿಯಲ್ಲಿ ಈಗಾಗಲೇ ಇದ್ದೀರಾ? ಪ್ಯಾನ್ ಅದೇ, ಸಪೋರ್ಟ್ ಮೊದಲಿನ ಹಾಗೇ, ರಿನ್ಯೂವಲ್ ದರ ಬರವಣಿಗೆಯಲ್ಲಿ ಕೊಟ್ಟಿದ್ದಾರೆ ಎಂದಾದರೆ ಉಳಿಯಿರಿ. ಸೈಟು ಸಾಗಿಸುವುದೂ ಒಂದು ಖರ್ಚು. ಹೊಸದಾಗಿ ಸೇರಲು ಹೊರಟವರಿಗೆ ಮಾತ್ರ ನನ್ನ ಸಲಹೆ, ಒಂದು ವರ್ಷ ಕಾದು ನೋಡಿ. ಕಮಿಷನ್ ಜಾಸ್ತಿ ಕೊಟ್ಟು ಜನ ಸೇರಿಸುವ ಭರಾಟೆ ಇಳಿದ ಮೇಲೆ ಸಪೋರ್ಟ್ ಹೇಗುಂಟು ಎಂದು ಆಗ ಗೊತ್ತಾಗುತ್ತದೆ.

ಕಾಪುವಿನ ಅಕ್ಕನದ್ದು ಪ್ಯಾನ್ ಬೇರೆ ಎಂದು ಹೇಳಿದೆನಲ್ಲ. ಚಾಟ್‌ನಲ್ಲಿ ರಿನ್ಯೂವಲ್ ದರ ಕೇಳಿದ್ದಕ್ಕೆ ಮೂರು ಸಲವೂ "ಆಕರ್ಷಕ ಕೊಡುಗೆ ಉಂಟು" ಎಂದೇ ಉತ್ತರ ಬಂತು. ಹೊರಡುವುದೆಂದು ತೀರ್ಮಾನವಾಯಿತು, ಆದರೆ ಈಗಲೇ ಅಲ್ಲ. ಡೊಮೈನನ್ನು ಮಾತ್ರ ಮೊನ್ನೆ ಬೇರೆ ರಿಜಿಸ್ಟ್ರಾರಿಗೆ, ಅವರದ್ದೇ ಹೆಸರಿಗೆ ಸಾಗಿಸಿದೆವು. ಪೂರ್ತಿ ಬ್ಯಾಕಪ್ ಇಳಿಸಿ ಅವರ ಮಗಳ ಲ್ಯಾಪ್‌ಟಾಪಿನಲ್ಲೂ ಒಂದು ಪೆನ್‌ಡ್ರೈವಿನಲ್ಲೂ ಇಟ್ಟೆವು. ಸೈಟು ಮೇ ಮುಗಿಯುವವರೆಗೆ ಇದ್ದಲ್ಲೇ ಇರುತ್ತದೆ. ಜೂನ್ ಎರಡನೇ ವಾರ, ಮಳೆ ಹಿಡಿದು ಬುಕಿಂಗ್ ನಿಂತ ಮೇಲೆ, ಒಂದು ಸೋಮವಾರ ಬೆಳಿಗ್ಗೆ ಸೈಟು, ಮೇಲ್ ಎರಡನ್ನೂ ದೊಡ್ಡ ಕಂಪನಿಯ ಚಿಕ್ಕ ಪ್ಲಾನಿಗೆ ಎತ್ತಿ ಹಾಕುತ್ತೇವೆ. ಹಳೆಯ ಖಾತೆಯನ್ನು ಇನ್ನೂ 15 ದಿನ ಮುಚ್ಚುವುದಿಲ್ಲ, ದಾರಿತಪ್ಪಿ ಬಂದ ಮೇಲ್ ಇದ್ದರೆ ಸಿಗಲಿ ಎಂದು. ಕೊಳ್ಳುವುದು ತಂಗಿಯ ಮಗನ ಲಿಂಕಿನಿಂದಲೇ. ರಿನ್ಯೂವಲ್ ದರ ನೋಡಿಕೊಂಡು, ಒಂದೇ ವರ್ಷಕ್ಕೆ.